ಕಚೇರಿ ಬಟ್ಟೆಯ ಗತ್ತು ಉಳಿಸುವ ಬಗೆ: ದುರಸ್ತಿ ದರ್ಜಿಯ ಮಾತು

ಹೊಸ ಬಟ್ಟೆ ಹೊಲಿಯುವುದನ್ನು ನಾನು ಬಹುಮಟ್ಟಿಗೆ ಬಿಟ್ಟಿದ್ದೇನೆ. ನನ್ನ ಮೇಜಿಗೆ ಬರುವುದೆಲ್ಲ ದುರಸ್ತಿಯೇ: ಕಾಲರ್ ಅಂಚು ಹರಿದ ಷರ್ಟು, ಮೊಣಕಾಲು ಉಬ್ಬಿದ ಪ್ಯಾಂಟು, ಲೈನಿಂಗ್ ಕಿತ್ತುಬಂದ ಕೋಟು, ಜಿಪ್ ಕೈಕೊಟ್ಟ ಸ್ಕರ್ಟು. ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ದೀಪಕ್ಕೆ ಹಿಡಿದರೆ ಅದು ಯಾವುದರಿಂದ ಸೋತಿದೆ ಎಂಬುದು ಗೊತ್ತಾಗುತ್ತದೆ. ತೊಟ್ಟು ಸವೆದ ಬಟ್ಟೆ ಉಜ್ಜಿದ ಜಾಗದಲ್ಲಿ ಮಾತ್ರ ತೆಳುವಾಗಿರುತ್ತದೆ. ಒಗೆದು, ಕಾಯಿಸಿ ಹಾಳುಮಾಡಿದ್ದು ಉದ್ದಕ್ಕೂ ಸೊರಗಿರುತ್ತದೆ. ನಾನು ನೋಡುವುದರಲ್ಲಿ ಎರಡನೆಯದೇ ಹೆಚ್ಚು. ಆದ್ದರಿಂದ ಬಟ್ಟೆಯ ಬಗ್ಗೆ ಯಾರಾದರೂ ಸಲಹೆ ಕೇಳಿದರೆ ನನ್ನ ಉತ್ತರದ ಮುಕ್ಕಾಲು ಪಾಲು "ಅಷ್ಟು ಒಗೆಯಬೇಡಿ, ಅಷ್ಟು ಕಾಯಿಸಬೇಡಿ" ಎಂಬುದೇ.

ಮನೆಗೆ ಬಂದ ಕೂಡಲೇ

ಕೋಟನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ. ಕುರ್ಚಿಯ ಮೂಲೆ ಭುಜದ ಪ್ಯಾಡನ್ನು ಒಳಗಿನಿಂದ ಗುದ್ದುತ್ತದೆ, ಕಾಲರ್ ಹಿಂದಕ್ಕೆ ಜಗ್ಗುತ್ತದೆ. ಜೇಬುಗಳನ್ನು ಖಾಲಿ ಮಾಡಿ. ಮೊಬೈಲ್, ಬೀಗದ ಕೈ, ಪೆನ್ನು ಎಲ್ಲವೂ ಹೊರಗೆ ಬರಲಿ. ರಾತ್ರಿಯಿಡೀ ಆ ಭಾರ ನೇತಾಡುತ್ತಿದ್ದರೆ ಜೇಬಿನ ಬಾಯಿ ಸಡಿಲವಾಗಿ ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಆಮೇಲೆ ಅಗಲ ಭುಜದ ಹ್ಯಾಂಗರಿಗೆ ಹಾಕಿ. ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ದಪ್ಪವಿರುವ ಮರದ ಹ್ಯಾಂಗರ್ ಒಳ್ಳೆಯದು. ತಂತಿಯ ಹ್ಯಾಂಗರ್ ಡ್ರೈಕ್ಲೀನಿಂಗ್‌ನಿಂದ ಬಟ್ಟೆಯನ್ನು ಮನೆಗೆ ಹೊತ್ತು ತರುವುದಕ್ಕೆ ಮಾತ್ರ ಇರುವುದು. ಅದರ ಜೊತೆ ಬರುವ ಪ್ಲಾಸ್ಟಿಕ್ ಕವರನ್ನೂ ಅಂದೇ ತೆಗೆದುಬಿಡಿ. ಒಳಗೆ ಉಳಿದ ತೇವ ಮತ್ತು ದ್ರಾವಕದ ವಾಸನೆ ಹೊರಹೋಗಲು ಗಾಳಿ ಬೇಕು.

ಕೋಟನ್ನು ಕಪಾಟಿಗೆ ಸೇರಿಸುವ ಮುಂಚೆ ಒಂದಿಷ್ಟು ಹೊತ್ತು ಹೊರಗೆ ತೂಗುಹಾಕಿ, ಮೃದು ಕೂದಲಿನ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ. ಬರಿಗಣ್ಣಿಗೆ ಕಾಣದ ಧೂಳು ಎಳೆಗಳ ನಡುವೆ ಕೂತು ಪ್ರತಿ ಚಲನೆಯಲ್ಲೂ ಬಟ್ಟೆಯನ್ನು ಅರೆಯುತ್ತದೆ. ಬ್ರಷ್ ಮಾಡಿದ ಕೋಟಿಗೆ ಡ್ರೈಕ್ಲೀನಿಂಗ್ ಅಪರೂಪಕ್ಕೆ ಸಾಕು. ಕಲೆ ಬೀಳದಿದ್ದರೆ ವರ್ಷಕ್ಕೆ ಎರಡು ಸಲ ಕೊಟ್ಟರೆ ಧಾರಾಳವಾಯಿತು ಎನ್ನುತ್ತೇನೆ ನಾನು. ತಿಂಗಳು ತಿಂಗಳೂ ಕೊಡುವವರ ಕೋಟು ಬಹಳ ಬೇಗ ನನ್ನ ಮೇಜಿಗೆ ಬರುತ್ತದೆ.

ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಅಂದರೆ ದಿನವಿಡೀ ಮೈಯಿಂದ ಹೋದ ಬೆವರು ಅದರಲ್ಲೇ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಆ ತೇವ ಹೊರಬೀಳಲು, ಬಾಗಿದ ನಾರು ನೆಟ್ಟಗಾಗಲು ಒಂದು ಪೂರ್ತಿ ದಿನ ಬೇಕು. ಹಾಗಾಗಿ ಒಂದೇ ಕೋಟನ್ನಾಗಲಿ ಉಣ್ಣೆಯ ಪ್ಯಾಂಟನ್ನಾಗಲಿ ಎರಡು ದಿನ ಸತತವಾಗಿ ತೊಡಬೇಡಿ. ಎರಡು ಪ್ಯಾಂಟುಗಳನ್ನು ದಿನ ಬಿಟ್ಟು ದಿನ ತೊಟ್ಟರೆ, ಒಂದನ್ನು ಮುಗಿಸಿ ಇನ್ನೊಂದನ್ನು ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಕಾಲ ಬಾಳಿಕೆ ಬರುತ್ತವೆ. ಸೂಟು ಹೊಲಿಸುವಾಗ ಅದೇ ಬಟ್ಟೆಯಲ್ಲಿ ಎರಡು ಪ್ಯಾಂಟು ಹೊಲಿಸಿ ಎಂದು ನಾನು ಹಟ ಮಾಡುವುದೂ ಇದಕ್ಕೇ. ಮೊದಲು ಸೋಲುವುದು ಯಾವಾಗಲೂ ಪ್ಯಾಂಟು. ಡ್ರೈಕ್ಲೀನಿಂಗಿಗೆ ಕೊಡುವಾಗ ಮಾತ್ರ ಕೋಟು, ಪ್ಯಾಂಟು ಎಲ್ಲವನ್ನೂ ಒಟ್ಟಿಗೆ ಕೊಡಿ. ಬಣ್ಣ ಒಂಚೂರು ಇಳಿದರೂ ಎಲ್ಲವೂ ಒಂದೇ ಸಮ ಇಳಿಯಲಿ.

ಪ್ಯಾಂಟನ್ನು ಕ್ಲಿಪ್ ಇರುವ ಹ್ಯಾಂಗರಿಗೆ ತಲೆಕೆಳಗಾಗಿ, ಪಾದದ ಅಂಚಿನಿಂದ ತೂಗುಹಾಕಿ. ಸೊಂಟಪಟ್ಟಿಯ ಭಾರಕ್ಕೆ ಮೊಣಕಾಲಿನ ಉಬ್ಬು ಬೆಳಗಾಗುವುದರೊಳಗೆ ಎಷ್ಟೋ ಇಳಿದಿರುತ್ತದೆ.

ಲೇಬಲ್ಲಿನಲ್ಲಿ ಏನಿದೆ

ಒಳಹೊಲಿಗೆಯಲ್ಲಿರುವ ಪುಟ್ಟ ಲೇಬಲ್ಲನ್ನು ಚುಚ್ಚುತ್ತದೆಂದು ಕತ್ತರಿಸಿ ಎಸೆಯುವವರಿದ್ದಾರೆ. ಕತ್ತರಿಸಿ, ಆದರೆ ಅದಕ್ಕೂ ಮುಂಚೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ನೀರಿನ ತೊಟ್ಟಿಯ ಚಿತ್ರವೆಂದರೆ ಒಗೆಯಬಹುದು, ಅದರೊಳಗಿನ ಅಂಕಿ ನೀರಿನ ಶಾಖದ ಮೇಲ್ಮಿತಿ. ತೊಟ್ಟಿಯ ಕೆಳಗೆ ಒಂದು ಗೆರೆಯಿದ್ದರೆ ಮೆಲ್ಲಗೆ, ಎರಡಿದ್ದರೆ ಇನ್ನೂ ಮೆಲ್ಲಗೆ ಒಗೆಯಿರಿ ಎಂದರ್ಥ. ತ್ರಿಕೋನ ಬ್ಲೀಚಿನ ಗುರುತು; ಅದರೊಳಗೆ ಎರಡು ಓರೆಗೆರೆಗಳಿದ್ದರೆ ಕ್ಲೋರಿನ್ ಬ್ಲೀಚ್ ಬೇಡ, ಆಮ್ಲಜನಕದ ಬ್ಲೀಚ್ ಮಾತ್ರ. ಚೌಕದೊಳಗೆ ವೃತ್ತವಿದ್ದರೆ ಅದು ಒಣಗಿಸುವ ಯಂತ್ರದ ಮಾತು. ಬರೀ ವೃತ್ತವಿದ್ದರೆ, ಅದರೊಳಗಿನ ಅಕ್ಷರವೂ ಸೇರಿದಂತೆ, ಅದು ಡ್ರೈಕ್ಲೀನಿಂಗ್‌ನವರಿಗೆ, ನೀವು ತಲೆಕೆಡಿಸಿಕೊಳ್ಳಬೇಕಿಲ್ಲ. ಯಾವ ಚಿತ್ರದ ಮೇಲೆ ಕಾಟು ಹೊಡೆದಿದೆಯೋ ಅದನ್ನು ಮಾಡಲೇಬಾರದು. ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗಿನ ಚುಕ್ಕಿಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಷರ್ಟು ಒಗೆಯುವುದು

ಮೈಗೆ ತಾಗುವ ಷರ್ಟನ್ನೂ ಬ್ಲೌಸನ್ನೂ ಒಮ್ಮೆ ತೊಟ್ಟ ಮೇಲೆ ಒಗೆಯಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ, ಯಾಕೆಂದರೆ ಬೆವರು ಮತ್ತು ಚರ್ಮದ ಜಿಡ್ಡು ಬಟ್ಟೆಯಲ್ಲಿ ಹಳತಾದಷ್ಟೂ ಹಳದಿಗೆ ತಿರುಗುತ್ತವೆ.

ಯಂತ್ರಕ್ಕೆ ಹಾಕುವ ಮುಂಚೆ ಗುಂಡಿಗಳನ್ನೆಲ್ಲ ಬಿಚ್ಚಿ, ತೋಳಿನ ಕಫ್ ಗುಂಡಿಗಳನ್ನೂ ಮರೆಯದೆ. ಗುಂಡಿ ಹಾಕಿದ ಷರ್ಟು ಯಂತ್ರದೊಳಗೆ ಹೊರಳಾಡುವಾಗ ಜಗ್ಗಾಟವೆಲ್ಲ ಗುಂಡಿಯ ದಾರ ಮತ್ತು ಕಾಜದ ಮೇಲೆ ಬೀಳುತ್ತದೆ. ಜಿಪ್ಪಿಗೆ ಇದರ ತದ್ವಿರುದ್ಧ: ಜಿಪ್ ಮುಚ್ಚಿ ಒಗೆಯಿರಿ, ಇಲ್ಲದಿದ್ದರೆ ಅದರ ಹಲ್ಲುಗಳು ಪಕ್ಕದ ಬಟ್ಟೆಯನ್ನು ಎಳೆಯುತ್ತವೆ. ಕಾಲರ್ ತುದಿಯಲ್ಲಿ ಪ್ಲಾಸ್ಟಿಕ್ ಕಡ್ಡಿಗಳಿದ್ದರೆ ಅವನ್ನು ತೆಗೆಯಿರಿ. ಗಾಢ ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹಾಕಿ.

ಇನ್ನು ಕಾಲರ್. ಅದರ ಒಳಪಟ್ಟಿಯಲ್ಲಿ ಕೂರುವ ಕಪ್ಪುಗೆರೆ ಮುಖ್ಯವಾಗಿ ಚರ್ಮದ ಎಣ್ಣೆ; ಧೂಳು ಅದಕ್ಕೆ ಅಂಟಿಕೊಂಡಿರುತ್ತದೆ. ಎಣ್ಣೆಯನ್ನು ಬಿಡಿಸುವುದು ಡಿಟರ್ಜೆಂಟ್ ಮತ್ತು ಸಮಯ, ತೋಳ್ಬಲವಲ್ಲ. ದ್ರವರೂಪದ ಡಿಟರ್ಜೆಂಟನ್ನು ಬೆರಳಿನಲ್ಲಿ ಆ ಗೆರೆಯ ಉದ್ದಕ್ಕೂ ಹಚ್ಚಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಒಗೆತಕ್ಕೆ ಹಾಕಿ. ಗಟ್ಟಿ ಬ್ರಷ್ಷಿನಿಂದ ಪ್ರತಿ ವಾರ ಉಜ್ಜಿದ ಕಾಲರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಮಡಿಕೆಯ ಅಂಚಿನಲ್ಲಿ ಅಡ್ಡ ಎಳೆಗಳು ತುಂಡಾಗಿ ನೂಲಿನ ರೋಮ ಎದ್ದಿರುತ್ತದೆ, ಅಷ್ಟರಲ್ಲಿ ಷರ್ಟಿನ ಮಿಕ್ಕ ಭಾಗವೆಲ್ಲ ಹೊಸದರಂತೆಯೇ ಇರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಂಕುಳಿನ ಹಳದಿ ಕಲೆಯದು ಬೇರೆ ಕಥೆ. ಬೆವರು ತಡೆಯುವ ಲೇಪನಗಳಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರಿನ ಜೊತೆ ಸೇರಿ ಬಟ್ಟೆಯನ್ನು ಹಳದಿಯಾಗಿಸುತ್ತವೆ, ಗಡುಸಾಗಿಯೂ ಮಾಡುತ್ತವೆ. ಬಿಳಿ ಷರ್ಟು ಎಂದು ಕ್ಲೋರಿನ್ ಬ್ಲೀಚ್ ಸುರಿದರೆ ಕಲೆ ಇನ್ನಷ್ಟು ಹಳದಿಯಾಗಬಹುದು. ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಮ್ಲಜನಕದ ಬ್ಲೀಚನ್ನು ಬಿಸಿ ನೀರಿನಲ್ಲಿ ಕರಗಿಸಿ, ಹತ್ತಿಯ ಷರ್ಟನ್ನು ಒಂದೆರಡು ಗಂಟೆ ನೆನೆಹಾಕಿ. ಉಣ್ಣೆ, ರೇಷ್ಮೆಗಳನ್ನು ಇದರ ಹತ್ತಿರಕ್ಕೂ ತರಬೇಡಿ. ಲೇಪನ ಹಚ್ಚಿಕೊಂಡ ಮೇಲೆ ಅದು ಒಣಗುವವರೆಗೆ ಕಾದು ಷರ್ಟು ತೊಟ್ಟರೆ ಈ ರಗಳೆ ಅರ್ಧ ಕಡಿಮೆ.

ಡಿಟರ್ಜೆಂಟ್ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಶುಭ್ರವಾಗುತ್ತದೆ ಎಂಬ ನಂಬಿಕೆಯನ್ನು ಯಾರು ಹಬ್ಬಿಸಿದರೋ ತಿಳಿಯದು. ಜಾಲಿಸಿ ಹೋಗದ ಸಾಬೂನು ನಾರಿನಲ್ಲೇ ಉಳಿದು ಕೊಳೆಯನ್ನು ಹಿಡಿದಿಡುತ್ತದೆ, ಬಿಳಿ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಪೊಟ್ಟಣದ ಮೇಲಿನ ಅಳತೆಗೆ ಒಂದು ಚಿಟಿಕೆ ಕಡಿಮೆಯೇ ಇರಲಿ. ಬಟ್ಟೆ ಮೆದುವಾಗಿಸುವ ದ್ರವ ಕೆಲಸದ ಷರ್ಟಿಗೆ ಬೇಡವೇ ಬೇಡ. ಅದು ನಾರಿನ ಮೇಲೆ ಪದರ ಕಟ್ಟುತ್ತದೆ, ಬಟ್ಟೆ ಬೆವರು ಹೀರುವುದು ಕಡಿಮೆಯಾಗುತ್ತದೆ. ಪಾಲಿಯೆಸ್ಟರ್‌ಗಂತೂ ಎಣ್ಣೆಯನ್ನು ಅಪ್ಪಿಕೊಳ್ಳುವ ಗುಣ ಮೊದಲೇ ಇದೆ. ಅದರಲ್ಲಿ ಮೈವಾಸನೆ ಉಳಿಯುವುದೂ ಅದರಿಂದಲೇ.

ಯಂತ್ರ ನಿಂತ ಕೂಡಲೇ ಷರ್ಟನ್ನು ಹೊರತೆಗೆಯಿರಿ. ಭುಜ ಹಿಡಿದು ಒಮ್ಮೆ ಜೋರಾಗಿ ಕೊಡವಿ, ಹ್ಯಾಂಗರಿಗೆ ಹಾಕಿ, ಗುಂಡಿಪಟ್ಟಿ, ಕಾಲರ್, ಕಫ್‌ಗಳನ್ನು ಕೈಯಲ್ಲೇ ಎಳೆದು ನೆಟ್ಟಗೆ ಮಾಡಿ. ಇದಕ್ಕೆ ಒಂದು ನಿಮಿಷ ಸಾಕು, ಇಸ್ತ್ರಿಯ ಕೆಲಸ ಮಾತ್ರ ಅರ್ಧ ಕಡಿಮೆಯಾಗುತ್ತದೆ. ಬಣ್ಣದ ಬಟ್ಟೆ ನೆರಳಿನಲ್ಲಿ ಒಣಗಲಿ.

ಉಣ್ಣೆಯನ್ನು ಮನೆಯಲ್ಲಿ ಒಗೆಯಬಹುದೇ ಎಂದು ಕೇಳುತ್ತಾರೆ. ಸ್ವೆಟರಾದರೆ, ಲೇಬಲ್ ಒಪ್ಪಿದರೆ, ಒಗೆಯಬಹುದು. ಉಣ್ಣೆಯ ನಾರಿನ ಮೈಮೇಲೆ ಮೀನಿನ ಹುರುಪೆಯಂತಹ ಪದರಗಳಿವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲಾಗದು. ತಣ್ಣೀರು, ಉಣ್ಣೆಗೆಂದೇ ಇರುವ ಡಿಟರ್ಜೆಂಟ್, ಮೆಲ್ಲನೆ ಅದುಮುವುದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ನೀರು ತೆಗೆಯುವುದು, ಮಟ್ಟಸವಾಗಿ ಹರಡಿ ಒಣಗಿಸುವುದು. ಸಾಮಾನ್ಯ ಪುಡಿಗಳಲ್ಲಿ ಪ್ರೋಟೀನು ಕರಗಿಸುವ ಕಿಣ್ವಗಳಿರುತ್ತವೆ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ, ಆದ್ದರಿಂದ ಆ ಪುಡಿಗಳು ಬೇಡ. ಭುಜ ಕಟ್ಟಿದ ಕೋಟನ್ನು ಮಾತ್ರ ಯಾವ ಕಾರಣಕ್ಕೂ ನೀರಿಗೆ ಇಳಿಸಬೇಡಿ.

ಕಲೆ ಬಿದ್ದಾಗ

ಉಜ್ಜಬೇಡಿ, ಒತ್ತಿ ಹೀರಿಸಿ. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿ ತಗುಲಿದರೆ ಪ್ರೋಟೀನು ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ಕಾಫಿ, ಚಹಾ ಬಿದ್ದರೆ ತಣ್ಣೀರಿನಲ್ಲಿ ಜಾಲಿಸಿ, ದ್ರವ ಡಿಟರ್ಜೆಂಟ್ ಹಚ್ಚಿ. ಗಟ್ಟಿ ಸಾಬೂನು ಆ ಕಲೆಯನ್ನು ಕೂರಿಸಬಹುದು. ಎಣ್ಣೆ ಬಿದ್ದರೆ ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್ ಉದುರಿಸಿ, ಅದು ಎಣ್ಣೆ ಹೀರಿದ ಮೇಲೆ ಕೊಡವಿ, ಪಾತ್ರೆ ತೊಳೆಯುವ ದ್ರವ ಹಚ್ಚಿ ಒಗೆಯಿರಿ. ಬಾಲ್‌ಪೆನ್ನಿನ ಶಾಯಿಗೆ ಐಸೊಪ್ರೊಪೈಲ್ ಆಲ್ಕೋಹಾಲ್: ಕಲೆಯ ಕೆಳಗೆ ಹಳೆಯ ಬಿಳಿ ಬಟ್ಟೆಯಿಟ್ಟು, ಮೇಲಿನಿಂದ ಹತ್ತಿಯಲ್ಲಿ ಒತ್ತುತ್ತ, ಶಾಯಿ ಕೆಳಕ್ಕೆ ಇಳಿದಂತೆ ಅಡಿಯ ಬಟ್ಟೆಯನ್ನು ಸರಿಸುತ್ತ ಹೋಗಿ. ಯಾವುದನ್ನೇ ಆದರೂ ಮೊದಲು ಒಳಹೊಲಿಗೆಯ ಮೇಲೆ ಪರೀಕ್ಷಿಸಿ ನೋಡಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ.

ಕೋಟಿನ ಮೇಲೆ ತಂಪುಪಾನೀಯ ಚೆಲ್ಲಿ ಒಣಗಿ ಕಾಣದಾದರೆ ಬಚಾವಾದೆವು ಎಂದುಕೊಳ್ಳಬೇಡಿ. ಡ್ರೈಕ್ಲೀನಿಂಗ್ ದ್ರಾವಕ ಎಣ್ಣೆಯನ್ನು ಕರಗಿಸುತ್ತದೆ, ಸಕ್ಕರೆಯನ್ನಲ್ಲ. ಆ ಕಾಣದ ಸಕ್ಕರೆ ಇಸ್ತ್ರಿಯ ಶಾಖಕ್ಕೆ ಕಂದುಬಣ್ಣಕ್ಕೆ ತಿರುಗಿ ಎದ್ದುಬರುತ್ತದೆ. ಕೊಡುವಾಗಲೇ "ಇಲ್ಲಿ ಇಂಥದ್ದು ಚೆಲ್ಲಿದೆ" ಎಂದು ಜಾಗ ತೋರಿಸಿ ಹೇಳಿ.

ಇಸ್ತ್ರಿ

ಬಟ್ಟೆಯ ಗತ್ತು ನಿಲ್ಲುವುದೂ ಇಲ್ಲೇ, ಕೆಡುವುದೂ ಇಲ್ಲೇ. ಲೇಬಲ್ಲಿನ ಇಸ್ತ್ರಿಪೆಟ್ಟಿಗೆಯೊಳಗೆ ಒಂದು ಚುಕ್ಕಿಯಿದ್ದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಿದ್ದರೆ ಸುಮಾರು 150, ಮೂರಿದ್ದರೆ ಸುಮಾರು 200. ನೈಲಾನ್, ಅಕ್ರಿಲಿಕ್‌ಗೆ ಒಂದು. ಉಣ್ಣೆ, ಪಾಲಿಯೆಸ್ಟರ್‌ಗೆ ಎರಡು. ಹತ್ತಿ, ಲಿನನ್‌ಗೆ ಮೂರು ಎಂಬುದು ಸಾಮಾನ್ಯ ಲೆಕ್ಕ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತಿದ್ದರೆ ಪಾಲಿಯೆಸ್ಟರಿನ ಶಾಖಕ್ಕೇ ಇಡಿ. ಹಲವು ಬಟ್ಟೆಗಳಿದ್ದರೆ ಕಡಿಮೆ ಶಾಖದವುಗಳಿಂದ ಆರಂಭಿಸಿ. ಪೆಟ್ಟಿಗೆ ಕಾಯುವುದು ಬೇಗ, ಆರುವುದು ನಿಧಾನ.

ಹತ್ತಿಯ ಷರ್ಟನ್ನು ಪೂರ್ತಿ ಒಣಗಿಸಿ ಆಮೇಲೆ ಇಸ್ತ್ರಿಯೊಂದಿಗೆ ಗುದ್ದಾಡುವವರನ್ನು ಕಂಡರೆ ನನಗೆ ಮರುಕ. ಹತ್ತಿಯ ನಾರಿನೊಳಗಿನ ಬಂಧಗಳು ತೇವಕ್ಕೆ ಸಡಿಲವಾಗುತ್ತವೆ, ಒತ್ತಡದಲ್ಲಿ ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಕೂಡುತ್ತವೆ. ತೇವವಿಲ್ಲದಿದ್ದರೆ ಬರೀ ಶಾಖ ಏನು ಮಾಡೀತು? ಇನ್ನೂ ಕೊಂಚ ಹಸಿಯಿರುವಾಗಲೇ ಮಾಡಿ. ಒಣಗಿಹೋಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಹತ್ತು ನಿಮಿಷ ಬಿಡಿ.

ಕಾಲರಿನಿಂದ ಶುರು. ಮೊದಲು ಅಡಿಮೈ, ಆಮೇಲೆ ಮೇಲ್ಮೈ. ತುದಿಯಿಂದ ಮಧ್ಯಕ್ಕೆ ಬನ್ನಿ, ಮತ್ತೊಂದು ತುದಿಯಿಂದ ಮಧ್ಯಕ್ಕೆ. ಪೆಟ್ಟಿಗೆಯ ಮುಂದೆ ಬಟ್ಟೆ ಯಾವಾಗಲೂ ಒಂದಿಷ್ಟು ತಳ್ಳಿಸಿಕೊಳ್ಳುತ್ತದೆ. ಮಧ್ಯದಿಂದ ಹೊರಕ್ಕೆ ಹೋದರೆ ಆ ಹೆಚ್ಚುವರಿ ಬಟ್ಟೆ ತುದಿಯಲ್ಲಿ ಸಣ್ಣ ನೆರಿಗೆಯಾಗಿ ಸಿಕ್ಕಿಕೊಳ್ಳುತ್ತದೆ, ಎದುರಿಗೆ ಕೂತವರ ಕಣ್ಣು ಬೀಳುವ ಜಾಗದಲ್ಲೇ. ನಂತರ ಭುಜದ ಪಟ್ಟಿ, ಕಫ್, ತೋಳು, ಕೊನೆಗೆ ಬೆನ್ನು ಮತ್ತು ಎದೆ. ಗುಂಡಿಗಳ ನಡುವೆ ಪೆಟ್ಟಿಗೆಯ ಮೂತಿ ತೂರಿಸುವ ಬದಲು ಗುಂಡಿಪಟ್ಟಿಯನ್ನು ದಪ್ಪ ಟವೆಲ್ಲಿನ ಮೇಲೆ ಬೋರಲು ಹಾಕಿ ಹಿಂಭಾಗದಿಂದ ಒತ್ತಿ. ಗುಂಡಿಗಳು ಟವೆಲ್ಲಿನೊಳಗೆ ಹುದುಗಿಕೊಳ್ಳುತ್ತವೆ. ಕಾಲರ್ ಒಳಗಿನ ಕ್ಯಾನ್ವಾಸನ್ನು ಹೆಚ್ಚಿನ ಷರ್ಟುಗಳಲ್ಲಿ ಶಾಖಕ್ಕೆ ಕರಗುವ ಅಂಟಿನಿಂದ ಕೂರಿಸಿರುತ್ತಾರೆ. ಅತಿಯಾಗಿ ಕಾಯಿಸಿದರೆ ಅಂಟು ಬಿಟ್ಟು ಕಾಲರ್ ಮೇಲೆ ಗುಳ್ಳೆಗಳೇಳುತ್ತವೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ, ಕಾಲರನ್ನೇ ಬದಲಿಸಬೇಕು.

ಉಣ್ಣೆಯ ಪ್ಯಾಂಟಿನ ಮೇಲೆ ಬರಿಯ ಪೆಟ್ಟಿಗೆ ಇಡಬೇಡಿ. ನಡುವೆ ಒದ್ದೆ ಮಾಡಿ ಹಿಂಡಿದ ತೆಳು ಹತ್ತಿ ಬಟ್ಟೆ ಇರಲಿ. ಪೆಟ್ಟಿಗೆಯನ್ನು ಜಾರಿಸದೆ, ಇಟ್ಟು, ಒತ್ತಿ, ಎತ್ತಿ, ಮುಂದಕ್ಕೆ ಇಡಿ. ಕಪ್ಪು ಪ್ಯಾಂಟಿನ ಹೊಲಿಗೆಗಳ ಮೇಲೆ, ಜೇಬಿನ ಅಂಚಿನಲ್ಲಿ ಕಾಣುವ ಕನ್ನಡಿಹೊಳಪು ಬರಿಯ ಪೆಟ್ಟಿಗೆಯ ಕೊಡುಗೆ. ಉಣ್ಣೆಯಾದರೆ ನಾರು ಚಪ್ಪಟೆಯಾಗಿರುತ್ತದೆ. ಆವಿ ಹಾಯಿಸಿ ಬ್ರಷ್ ಮಾಡಿದರೆ ಸ್ವಲ್ಪ ಮಟ್ಟಿಗೆ ಏಳುತ್ತದೆ. ಪಾಲಿಯೆಸ್ಟರಾದರೆ ಮೇಲ್ಮೈಯೇ ಮೆತ್ತಗಾಗಿ ಕೂಡಿಕೊಂಡಿರುತ್ತದೆ, ಆ ಹೊಳಪು ಹೋಗುವುದಿಲ್ಲ.

ಕೋಟಿಗೆ ಆವಿ ಸಾಕು. ಹ್ಯಾಂಗರಿನಲ್ಲೇ ತೂಗುಹಾಕಿ, ಆವಿ ಹಾಯಿಸಿ, ಆರಲು ಬಿಡಿ. ಎದೆಯ ಮೇಲೆ ಮಡಚಿಕೊಳ್ಳುವ ಲ್ಯಾಪೆಲ್ ಗುಂಡಿಯ ಹತ್ತಿರ ಮೆಲ್ಲನೆ ಬಳುಕಿ ತಿರುಗಬೇಕು. ಅದನ್ನು ಅಂಚಿನವರೆಗೆ ಚಪ್ಪಟೆಯಾಗಿ ಇಸ್ತ್ರಿ ಮಾಡಿದರೆ ಎಂಥ ದುಬಾರಿ ಕೋಟೂ ಬಡಕಲಾಗಿ ಕಾಣುತ್ತದೆ. ಅಂದಹಾಗೆ, ಹೊಸ ಕೋಟಿನ ಹಿಂದಿನ ಸೀಳಿಗೆ ಅಡ್ಡಲಾಗಿ ಹಾಕಿರುವ ಕತ್ತರಿ ಆಕಾರದ ದಾರ, ತೋಳಿನ ಮೇಲಿನ ಕಂಪನಿ ಪಟ್ಟಿ, ಎರಡನ್ನೂ ಬಿಚ್ಚಬೇಕು. ಅವು ಸಾಗಣೆಯಲ್ಲಿ ಆಕಾರ ಕೆಡದಿರಲಿ, ಅಂಗಡಿಯಲ್ಲಿ ಕಾಣಲಿ ಎಂದು ಇರುವಂಥವು. ಅವನ್ನು ಹಾಗೆಯೇ ಬಿಟ್ಟುಕೊಂಡು ವರ್ಷಗಟ್ಟಲೆ ಓಡಾಡುವವರಿದ್ದಾರೆ; ಎದುರಿಗೆ ಸಿಕ್ಕಾಗ ಹೇಳುವುದೋ ಬಿಡುವುದೋ ಎಂಬ ಸಂಕಟ ನನಗೆ.

ಇಸ್ತ್ರಿಯಾದ ತಕ್ಷಣ ತೊಡಬೇಡಿ. ಬಿಸಿ ಆರುವಾಗಲೇ ಆಕಾರ ನಿಲ್ಲುವುದು. ಬೆಚ್ಚಗಿರುವಾಗಲೇ ತೊಟ್ಟು ಕೂತರೆ ಮೊಣಕೈ, ತೊಡೆಸಂದಿನ ಸುಕ್ಕುಗಳು ಅಷ್ಟೇ ಗಟ್ಟಿಯಾಗಿ ಕೂರುತ್ತವೆ.

ಎತ್ತಿಡುವುದು, ಹೊಲಿದುಕೊಳ್ಳುವುದು

ಕೆಲವು ತಿಂಗಳು ಬಳಸದ ಉಣ್ಣೆಯನ್ನು ಶುಚಿ ಮಾಡಿಯೇ ಎತ್ತಿಡಿ. ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ಬೆವರು, ಆಹಾರದ ಕಲೆ ಇರುವ ಜಾಗವೆಂದರೆ ಅದಕ್ಕೆ ಹೆಚ್ಚು ಪ್ರೀತಿ. ಹುಳ ಬಿದ್ದ ಅನುಮಾನವಿದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚಬೇಡಿ. ಹೆಣೆದ ಸ್ವೆಟರನ್ನು ತೂಗುಹಾಕದೆ ಮಡಚಿಡಿ, ಭುಜ ಜಗ್ಗುತ್ತದೆ.

ಕೊನೆಯದಾಗಿ, ದರ್ಜಿಯ ಹತ್ತಿರ ಬೇಗ ಬನ್ನಿ. ಪ್ಯಾಂಟಿನ ಅಂಚಿನ ಹೊಲಿಗೆ ಎರಡು ಬೆರಳಿನಷ್ಟು ಬಿಟ್ಟಾಗ ಅದು ಐದು ನಿಮಿಷದ ಕೆಲಸ. ಹಿಮ್ಮಡಿ ಸಿಕ್ಕಿಕೊಂಡು ಪೂರ್ತಿ ಹರಿದ ಮೇಲೆ ಅಲ್ಲ. ತೊಡೆಸಂದಿನಲ್ಲಿ ಬಟ್ಟೆ ತೆಳುವಾದಾಗಲೇ ಒಳಗಿನಿಂದ ಪಟ್ಟಿ ಕೊಟ್ಟರೆ ಹೊರಗೆ ಗೊತ್ತೇ ಆಗುವುದಿಲ್ಲ. ಕಾಲರ್ ಅಂಚು ಹರಿದ ಒಳ್ಳೆಯ ಷರ್ಟಾದರೆ ಕಾಲರನ್ನು ಬಿಚ್ಚಿ, ತಿರುಗಿಸಿ, ಅಡಿಮೈ ಮೇಲೆ ಬರುವಂತೆ ಮತ್ತೆ ಹೊಲಿಯಬಹುದು. ಹಳೆಯ ವಿದ್ಯೆ ಇದು, ಈಗ ಕೇಳುವವರು ಕಡಿಮೆ, ಕೇಳಿದರೆ ನಾನು ಖುಷಿಯಿಂದ ಮಾಡುತ್ತೇನೆ.

ಗುಂಡಿಯನ್ನಂತೂ ನೀವೇ ಹಾಕಿಕೊಳ್ಳಬಹುದು. ಕೋಟಿನ ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿದರೆ ಕಾಜದೊಳಗೆ ಹೋದಾಗ ಬಟ್ಟೆ ಜಗ್ಗಿ ಗುಳಿ ಬೀಳುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿನಿಂದ ಐದಾರು ಸಲ ದಾರ ಹಾಯಿಸಿ, ಕಡ್ಡಿ ಎಳೆದುಬಿಡಿ. ಗುಂಡಿಯನ್ನು ಮೇಲಕ್ಕೆತ್ತಿ, ಕೆಳಗಿನ ಸಡಿಲ ದಾರಕ್ಕೆ ಸೂಜಿಯ ದಾರವನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ಹಿಂಭಾಗದಲ್ಲಿ ಗಂಟು ಹಾಕಿ. ಷರ್ಟಿನ ಒಳಪಟ್ಟಿಯ ಕೆಳತುದಿಯಲ್ಲಿ ಹೆಚ್ಚುವರಿ ಗುಂಡಿ ಹೊಲಿದಿರುತ್ತಾರೆ. ಅಲ್ಲೂ ಇಲ್ಲದಿದ್ದರೆ ಕೆಳಗಿನ ಕೊನೆಯ ಗುಂಡಿಯನ್ನು ಬಿಚ್ಚಿ ಮೇಲಕ್ಕೆ ಹಾಕಿ, ಪ್ಯಾಂಟಿನೊಳಗೆ ಅಡಗುವ ಆ ಜಾಗಕ್ಕೆ ಬೇರೆ ಯಾವ ಗುಂಡಿಯಾದರೂ ನಡೆಯುತ್ತದೆ.